ಕಾಂಜಿ ಓದಿಸಲು ಹಾಕಿದ ತಂತ್ರಾಂಶ, ತೆಗೆದ ರೀತಿ

ಜಪಾನೀಸ್ ಕಲಿಯುವವರಿಗೆ ಉಚ್ಚಾರವನ್ನೇ ಬರೆಯುವ ಹಿರಗಾನ, ಕತಕಾನ ಎಂಬ ಲಿಪಿಗಳೆರಡೂ ಬೇಗ ಕೈಗೆ ಹತ್ತುತ್ತವೆ. ಚೀನಾದಿಂದ ಬಂದ, ಅರ್ಥವನ್ನು ಸೂಚಿಸುವ ಅಕ್ಷರಗಳಾದ ಕಾಂಜಿ ಹಾಗಲ್ಲ. ‘ಮನುಷ್ಯ’ ಎಂಬ ಅರ್ಥದ ಕಾಂಜಿ ಒಂಟಿಯಾಗಿ ನಿಂತರೆ ‘ಹಿತೊ’. ಜಪಾನಿನವರು ಎಂಬ ಅರ್ಥದ ‘ನಿಹೊನ್‌ಜಿನ್’ನಲ್ಲಿ ಅದೇ ಅಕ್ಷರ ‘ಜಿನ್’. ಮೂವರು ಅನ್ನುವಾಗ ‘ಸನ್‌ನಿನ್’, ಅಲ್ಲಿ ‘ನಿನ್’. ನನ್ನ ಹತ್ತಿರ ಕಾಂಜಿ ತುಂಬಿದ ಒಂದು ಉದ್ದನೆಯ ಪಾಠದ ಫೈಲ್ ಇತ್ತು. ಒಂದೊಂದೇ ಪದವನ್ನು ನಿಘಂಟಿನಲ್ಲಿ ಹುಡುಕುವ ಬದಲು ಎಲ್ಲವನ್ನೂ ಒಟ್ಟಿಗೆ ರೋಮಜಿಗೆ, ಅಂದರೆ ರೋಮನ್ ಅಕ್ಷರಗಳಿಗೆ ಬದಲಿಸಿ ನೋಡೋಣ ಅನ್ನಿಸಿತು.

ಅದಕ್ಕೆ ಕಕಸಿ ಎಂಬ ಹಳೆಯ ತಂತ್ರಾಂಶ ಇದೆ. ಡೆಬಿಯನ್ ಲಿನಕ್ಸ್‌ನಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಸಾಧನವಾದ ಆಪ್ಟ್‌ಗೆ ಹೇಳಿದರೆ ಸಾಕು, ಬಂದುಬಿಡುತ್ತದೆ. ಆದರೆ ಇನ್‌ಸ್ಟಾಲ್ ಮಾಡುವ ಮೊದಲು ಆಪ್ಟ್ ತೋರಿಸುವ ಪಟ್ಟಿಯನ್ನು ನಾನು ನಿಧಾನವಾಗಿ ಓದುತ್ತೇನೆ. ಕಕಸಿ ಒಂದೇ ಬರುವುದಿಲ್ಲ. ಅದರ ಲೈಬ್ರರಿ ಒಂದು ಪ್ಯಾಕೇಜ್, ನಿಘಂಟು ಇನ್ನೊಂದು. ಈ ಪಟ್ಟಿ ನೆನಪಿದ್ದರೆ ತೆಗೆಯುವಾಗ ತುಂಬಾ ಅನುಕೂಲ.

ಫೈಲ್ ಕೊಟ್ಟ ತಕ್ಷಣ ಬಂದದ್ದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕಾರಣ ಸರಳ. ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಸಂಕೇತಗಳಾಗಿ ಇಡುವ ಇಂದಿನ ಪದ್ಧತಿ (ಎನ್‌ಕೋಡಿಂಗ್) ಯುಟಿಎಫ್-8. ಅದು ಎಲ್ಲ ಕಡೆ ಬಳಕೆಗೆ ಬರುವ ಮೊದಲೇ ಹುಟ್ಟಿದ್ದು ಕಕಸಿ. ಬೇರೇನೂ ಹೇಳದಿದ್ದರೆ ಕಕಸಿ ಫೈಲನ್ನು ಇಯುಸಿ ಎಂಬ ಹಳೆಯ ಜಪಾನೀಸ್ ಎನ್‌ಕೋಡಿಂಗ್ ಅಂತಲೇ ಅಂದುಕೊಳ್ಳುತ್ತದೆ. ಒಳಗೆ ಬರುವುದೂ ಹೊರಗೆ ಹೋಗುವುದೂ ಯುಟಿಎಫ್-8 ಎಂದು ಆಯ್ಕೆ ಕೊಟ್ಟ ಮೇಲೆ ಸಾಲುಗಳು ಸರಸರನೆ ಓದುವಂತೆ ಬಂದವು. ಪದಗಳ ನಡುವೆ ಜಾಗ ಬಿಡಿಸುವ ಆಯ್ಕೆಯೂ ಇದೆ. ಜಪಾನೀಸ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಹಾಗಾಗಿ ಕಲಿಯುವವರಿಗೆ ಅದು ದೊಡ್ಡ ಉಪಕಾರ. ‘ಪಿ’ ಆಯ್ಕೆ ಕೊಟ್ಟರೆ ಅನುಮಾನವಿರುವ ಕಡೆ, ಉದಾಹರಣೆಗೆ ಜಪಾನ್ ಎಂಬ ಪದಕ್ಕೆ, ‘ನಿಹೊನ್’, ‘ನಿಪ್ಪೊನ್’ ಎಂಬ ಎರಡು ಓದುಗಳನ್ನೂ ಪಕ್ಕಪಕ್ಕದಲ್ಲೇ ಇಡುತ್ತದೆ. ಗೊತ್ತಿಲ್ಲದ್ದನ್ನು ಮುಚ್ಚಿಡದ ಈ ಗುಣ ನನಗೆ ತುಂಬಾ ಇಷ್ಟವಾಯಿತು.

ಒಂದು ವಿಷಯ ಮಾತ್ರ ಸರಿಹೋಗಲಿಲ್ಲ. ‘ನಾನು ವಿದ್ಯಾರ್ಥಿ’ ಎನ್ನುವ ವಾಕ್ಯದಲ್ಲಿ ‘ವತಾಶಿ’ ಆದ ಮೇಲೆ ಬರುವ ಅಕ್ಷರವನ್ನು ಬರೆಯುವುದು ‘ಹ’, ಓದುವುದು ‘ವ’. ಕಕಸಿ ಬರೆದಂತೆಯೇ ‘ಹ’ ಎಂದು ಕೊಡುತ್ತದೆ. ಅದಕ್ಕೆ ವ್ಯಾಕರಣ ಗೊತ್ತಿಲ್ಲ, ನಿಘಂಟು ಅಷ್ಟೇ ಗೊತ್ತು. ಬಾಯಿಬಿಟ್ಟು ಓದಿ ಕಲಿಯುವವರಿಗೆ ಇದು ಪ್ರತಿ ಸಾಲಿನಲ್ಲೂ ತೊಡಕು, ಅಲ್ವಾ?

ಹಾಗಾಗಿ ಮೆಕ್ಯಾಬ್ ಹಾಕಿದೆ. ಇದು ವಾಕ್ಯವನ್ನು ಪದಗಳಾಗಿ ಬಿಡಿಸಿ, ಯಾವುದು ನಾಮಪದ, ಯಾವುದು ಪ್ರತ್ಯಯ ಎಂದು ಗುರುತಿಸುತ್ತದೆ. ಅದು ಬಳಸುವ ಐಪಿಎ ಎಂಬ ನಿಘಂಟನ್ನೂ ಹಾಕಿಕೊಂಡರೆ ಪ್ರತಿ ಪದದ ಕೊನೆಯಲ್ಲಿ ಎರಡು ಅಂಕಣ ಸಿಗುತ್ತವೆ. ಒಂದು ಕತಕಾನದಲ್ಲಿ ಬರೆಯುವ ರೂಪ, ಇನ್ನೊಂದು ಉಚ್ಚಾರ. ಆ ‘ಹ’ದ ಮುಂದೆ ‘ವ’ ಎಂದು ನೋಡಿದಾಗ ಆದ ಖುಷಿ ಸುಮ್ನೆ ಅಲ್ಲ.

ಇನ್ನು ಕಕಸಿಯ ಕೆಲಸ ಮುಗಿಯಿತು. ಬರೀ ರಿಮೂವ್ ಎಂದರೆ ಮುಖ್ಯ ಪ್ಯಾಕೇಜ್ ಹೋಗುತ್ತದೆ, ಲೈಬ್ರರಿ ಮತ್ತು ನಿಘಂಟು ಹಾಗೇ ಉಳಿಯುತ್ತವೆ. ಇವು ಇನ್ನು ಬೇಕಾಗಿಲ್ಲ ಎಂದು ಆಪ್ಟ್ ತಾನೇ ತಿಳಿಸುತ್ತದೆ. ಅವನ್ನು ತೆಗೆಯಲು ಆಟೋರಿಮೂವ್. ನಾನು ಅದನ್ನು ಮೊದಲು ಎಸ್ ಆಯ್ಕೆಯಲ್ಲಿ ಓಡಿಸಿದೆ. ಅದು ಏನನ್ನೂ ಅಳಿಸದೆ, ಏನೇನು ಹೋಗಲಿದೆ ಎಂದು ಮಾತ್ರ ತೋರಿಸುತ್ತದೆ. ಹಿಂದೆ ಯಾವುದೋ ಕೆಲಸಕ್ಕೆ ಬಂದು ಉಳಿದ ಪ್ಯಾಕೇಜ್‌ಗಳೂ ಅದೇ ಪಟ್ಟಿಗೆ ಸೇರಿರಬಹುದು, ಅದಕ್ಕೇ ಈ ಜಾಗ್ರತೆ. ಇನ್‌ಸ್ಟಾಲ್ ಮಾಡುವಾಗ ಓದಿದ್ದ ಹೆಸರುಗಳೇ ಕಂಡವು, ನಿಜವಾಗಿಯೂ ಓಡಿಸಿದೆ. ಸೆಟ್ಟಿಂಗ್ ಫೈಲ್‌ಗಳೂ ಹೋಗಬೇಕಾದರೆ ರಿಮೂವ್ ಬದಲು ಪರ್ಜ್ ಬಳಸಬೇಕು. ಆದರೆ ಪರ್ಜ್ ಕೂಡ ನಮ್ಮ ಹೋಮ್ ಫೋಲ್ಡರ್ ಮುಟ್ಟುವುದಿಲ್ಲ. ಅಲ್ಲಿ ನಾವು ಮಾಡಿಟ್ಟದ್ದನ್ನು ನಾವೇ ಅಳಿಸಬೇಕು.

ಇಷ್ಟೆಲ್ಲ ಸಲೀಸಾಗಿ ನಡೆಯುವುದು ಆಪ್ಟ್ ಮೂಲಕ ಹಾಕಿದ್ದರೆ ಮಾತ್ರ. ಮೂಲ ಕೋಡ್ ಇಳಿಸಿಕೊಂಡು ‘ಮೇಕ್ ಇನ್‌ಸ್ಟಾಲ್’ ಎಂಬ ಆದೇಶದಿಂದ ನಾವೇ ಹಾಕಿದ್ದರೆ ಆಪ್ಟ್‌ಗೆ ಅದರ ಸುಳಿವೇ ಇರುವುದಿಲ್ಲ. ಅಂಥ ಕೋಡ್‌ನ ಫೋಲ್ಡರನ್ನು ಅಳಿಸದೆ ಇಟ್ಟುಕೊಂಡಿರಿ, ಮೇಕ್ ಅನ್‌ಇನ್‌ಸ್ಟಾಲ್ ಸೌಲಭ್ಯ ಇದ್ದರೆ ಅದನ್ನು ಓಡಿಸಬೇಕಾದದ್ದು ಅಲ್ಲಿಂದಲೇ.