ಜಗತ್ತಿನ ಅಂಚಿನಲ್ಲಿ ಚಕ್ಕುಲಿ

ಶ್ರೀಲಂಕಾದ ಬೆಟ್ಟದೂರು ನುವಾರ ಎಲಿಯ ತಲುಪಿದ ರಾತ್ರಿಯೇ ಚಾಲಕ ಬಿಡಿಸಿ ಹೇಳಿದ್ದ: ಬೆಳಗಿನ ಐದಕ್ಕೆ ಹೊರಡಬೇಕು, ಒಂಬತ್ತರೊಳಗೆ ಹಾರ್ಟನ್ ಪ್ಲೇನ್ಸಿನ ವರ್ಲ್ಡ್ಸ್ ಎಂಡ್, ಅಂದರೆ ಜಗತ್ತಿನ ಅಂತ್ಯ ಎಂದು ಕರೆಯುವ ಬಂಡೆಯ ಅಂಚಿನಲ್ಲಿ ನಿಂತಿರಬೇಕು, ಆಮೇಲೆ ಮಂಜು ಯಾರ ಮಾತನ್ನೂ ಕೇಳುವುದಿಲ್ಲ. ನಾನು ತಲೆಯಾಡಿಸಿ ಮೊಬೈಲಿನಲ್ಲಿ ಅಲಾರಂ ಇಟ್ಟೆ, ಸಂಜೆಯ ನಾಲ್ಕೂವರೆಗೆ. ಅಮ್ಮ ಎಬ್ಬಿಸಿದಾಗ ಗಂಟೆ ಆರೂಕಾಲು. ಅವಳು ಐದಕ್ಕೇ ಎದ್ದು, ಸೀರೆಯ ಮೇಲೆ ಸ್ವೆಟರ್ ಹಾಕಿ, ತಲೆಗೆ ಮಂಗನ ಟೋಪಿ ಏರಿಸಿ, ಮಡಿಲಲ್ಲಿ ಚಕ್ಕುಲಿಯ ಪೊಟ್ಟಣ ಇಟ್ಟುಕೊಂಡು ಕುಳಿತಿದ್ದಳು. ಆಗಲೇ ಎಬ್ಬಿಸಬಾರದಿತ್ತೇ ಎಂದು ರೇಗಿದೆ. "ರಜೆಯಲ್ಲಿದ್ದಾನೆ, ಮಲಗಲಿ ಎಂದುಕೊಂಡೆ" ಎಂದಳು. ಇದಕ್ಕೆ ಏನು ಹೇಳುವುದು?

ಚಾಲಕ ಏನೂ ಹೇಳಲಿಲ್ಲ. ಆಕಾಶ ನೋಡಿದ, ನನ್ನನ್ನು ನೋಡಿದ, ಗಾಡಿ ಹೊರಡಿಸಿದ. ಅವನು ಚಹಾ ತೋಟದ ತಮಿಳರ ಮನೆಯವನು. ಬೆಂಗಳೂರಿನ ವಠಾರದಲ್ಲಿ ಕಲಿತ ನನ್ನ ಹರುಕು ತಮಿಳಿನಲ್ಲೇ ನಮ್ಮ ಮಾತುಕತೆ. ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿಯೇ, 1869ರಲ್ಲಿ ಎಲೆತುಕ್ಕು ರೋಗ ಬಂದು ತೋಟಗಳು ನಾಶವಾದ ಮೇಲೆ ಚಹಾ ಬಂತು ಎಂದು ಅವನು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಮೂರು ದಿನದಿಂದ ಒಂದು ಲೋಟ ಒಳ್ಳೆಯ ಕಾಫಿ ಸಿಗದೆ ಕಳೆಗುಂದಿದ್ದ ಅಮ್ಮನಿಗೆ ಆಗ ಕಾರಣ ಸಿಕ್ಕಿತು. "ತುಕ್ಕು ನಮ್ಮಲ್ಲೂ ಬರುತ್ತದೆ. ಅದಕ್ಕೆಂದು ಗಿಡ ಕಿತ್ತು ಹಾಕಿದೆವೇ?" ಎಂದು ಒಂದು ಇಡೀ ದ್ವೀಪವನ್ನು ತರಾಟೆಗೆ ತೆಗೆದುಕೊಂಡಳು.

ಅಮ್ಮ ಸಂಸೆಯವಳು. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯ ಸಂಸೆ. ಅಂಗಳದಲ್ಲಿ ಅಡಿಕೆ ಒಣಗಿಸುತ್ತಾ ತಲೆಯೆತ್ತಿದರೆ ಗುಡ್ಡದ ಸಾಲು ಕಾಣುವ ಮನೆಯಲ್ಲಿ ಬೆಳೆದವಳಿಗೆ ಬೆಟ್ಟ ತೋರಿಸಲು ಸಮುದ್ರ ದಾಟಿಸಿ ಕರೆತಂದ ನನ್ನ ಬುದ್ಧಿಯ ಬಗ್ಗೆ ಮನೆಯಲ್ಲಿ ಆಗಲೇ ಸಾಕಷ್ಟು ಚರ್ಚೆಯಾಗಿತ್ತು. ಆದರೆ ದಾರಿಯಲ್ಲಿ ಪಟ್ಟಿಪೊಳದ ರೈಲು ನಿಲ್ದಾಣ ಬಂದಾಗ ಅವಳು ಮೊದಲ ಸಲ ಬೆರಗಾದಳು. ನಿಲ್ದಾಣ ಇರುವುದು 1,891 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಕುದುರೆಮುಖದ ನೆತ್ತಿಯಷ್ಟು. "ನಮ್ಮ ಕುದುರೆಮುಖದ ತುದಿಗೆ ರೈಲು!" ಎಂದು ಕಿಟಕಿಯ ಗಾಜು ಇಳಿಸಿ ನೋಡಿದಳು. ನಾವು ಹೋಗಬೇಕಾದದ್ದು ಇನ್ನೂ ಮೇಲೆ.

ಹಾರ್ಟನ್ ಪ್ಲೇನ್ಸ್ ಹೆಸರಿಗೆ ಬಯಲು, ಇರುವುದು 2,100 ಮೀಟರಿಗೂ ಮೇಲೆ. ಸಿಂಹಳದಲ್ಲಿ ಮಹಾ ಎಲಿಯ. 1830ರ ದಶಕದಲ್ಲಿ ಸಿಲೋನಿನ ಗವರ್ನರ್ ಆಗಿದ್ದವನ ಹೆಸರು ಅಂಟಿಕೊಂಡು ಹಾಗೇ ಉಳಿದಿದೆ. ರಾಷ್ಟ್ರೀಯ ಉದ್ಯಾನವಾದದ್ದು 1988ರಲ್ಲಿ, ನಮ್ಮ ಕುದುರೆಮುಖಕ್ಕಿಂತ ಒಂದು ವರ್ಷ ತಡವಾಗಿ.

ನಡಿಗೆ ಶುರುವಾಗುವಲ್ಲಿ ತಪಾಸಣೆ. ಕಾವಲಿನವರು ಒಂದು ಮೇಜಿನ ಮುಂದೆ ನಿಂತು ಎಲ್ಲರ ಚೀಲ ಬಿಚ್ಚಿಸುತ್ತಿದ್ದರು. ನೀರಿನ ಬಾಟಲಿಯ ಸುತ್ತ ಅಂಟಿದ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಸಿ ತೆಗೆದರು, ನನ್ನ ಬಿಸ್ಕತ್ತಿನ ಹೊದಿಕೆ ಹರಿದರು. ಆಮೇಲೆ ಅಮ್ಮನ ಚಕ್ಕುಲಿ. ಎರಡೆರಡು ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಮೇಣದ ಬತ್ತಿಯ ಬಿಸಿ ತೋರಿಸಿ ಬೆಸೆದದ್ದು, ಸಂಸೆಯಿಂದ ಇಲ್ಲಿಯವರೆಗೆ ಗಾಳಿ ಸೋಕದಂತೆ ತಂದದ್ದು. ಅದನ್ನು ಕಾವಲಿನವನೊಬ್ಬ ನಗುನಗುತ್ತಲೇ ಕತ್ತರಿಸಿ, ಚಕ್ಕುಲಿಗಳನ್ನು ಹಳೆಯ ಸಿಂಹಳ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಎರಡೂ ಕೈಗಳಿಂದ ವಾಪಸು ಕೊಟ್ಟ. ಅಮ್ಮನ ಮುಖ ನೋಡಬೇಕಿತ್ತು. "ಈ ಥಂಡಿಯಲ್ಲಿ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ" ಎಂದು ಅವನಿಗೆ ಕನ್ನಡದಲ್ಲೇ ಹೇಳಿದಳು. ಅವನು ಸಿಂಹಳದಲ್ಲಿ ಏನೋ ಸಮಾಧಾನ ಹೇಳಿದ. ನನಗೆ ಮಾತ್ರ ಆ ಮೇಜಿನ ಮೇಲೆ ಅಪಾರ ಗೌರವ ಬಂತು. ನಮ್ಮ ಚಾರಣದ ದಾರಿಗಳಲ್ಲಿ ಇಂಥ ಮೇಜು, ಇಂಥ ಕತ್ತರಿ, ಇಂಥ ನಗು ಇದ್ದಿದ್ದರೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಮ್ಮನಿಗೆ ಹೇಳಲಿಲ್ಲ.

ಹುಲ್ಲುಗಾವಲಿಗೆ ಇಳಿದ ಮೇಲೆ ಅವಳ ನಡಿಗೆಯೇ ಬದಲಾಯಿತು. ಮೊಣಕಾಲೆತ್ತರದ ಹುಲ್ಲು, ನಡುವೆ ಕಪ್ಪು ನೀರಿನ ಸಣ್ಣ ತೊರೆ, ಮಡಿಕೆಗಳಲ್ಲಿ ಮಾತ್ರ ಗುಂಪುಗಟ್ಟಿದ ಕುಳ್ಳು ಮರಗಳು. ಪಾಚಿ ಹೊದ್ದ, ಗಾಳಿಗೆ ಒಂದೇ ಕಡೆ ಬಾಗಿದ ಮರಗಳು. ನಮ್ಮಲ್ಲಿ ಶೋಲ ಎನ್ನುವುದು ಇದನ್ನೇ. ಅವಳು ಒಂದು ಹಿಡಿ ಹುಲ್ಲು ಹಿಡಿದು ನೋಡಿ, "ಮಾಡಿಗೆ ಹೊದೆಸಲು ಆಗದು, ಬಿರುಸು ಸಾಲದು" ಎಂದು ತೀರ್ಪು ಕೊಟ್ಟಳು. ಮಹಾವೆಲಿ, ಕೆಲನಿ, ವಳವೆ ನದಿಗಳಿಗೆ ನೀರು ಇಲ್ಲಿಂದಲೇ ಹೋಗುತ್ತದೆ ಎಂದು ಫಲಕದಲ್ಲಿದ್ದುದನ್ನು ಓದಿ ಹೇಳಿದಾಗ ಬೆರಳು ಮಡಿಸಿದಳು: ತುಂಗೆ, ಭದ್ರೆ, ನೇತ್ರಾವತಿ. ನಮ್ಮ ಕುದುರೆಮುಖದ ಗಂಗಾಮೂಲದಲ್ಲೂ ಮೂರು. ಸ್ವಲ್ಪ ದೂರ ಹೋದ ಮೇಲೆ, "ಇದರ ಕೆಳಗೂ ಅದಿರು ಇದೆಯೇ?" ಎಂದು ಕೇಳಿದಳು. ಇಪ್ಪತ್ತೈದು ವರ್ಷ ಭದ್ರೆ ಕೆಂಪಾಗಿ ಹರಿಯುವುದನ್ನು ನೋಡಿದವಳು. 2005ರ ಕೊನೆಯಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತಿತಾದರೂ ಗುಡ್ಡ ಕಂಡಾಗ ಈ ಪ್ರಶ್ನೆ ಅವಳಿಂದ ಹೋಗಿಲ್ಲ. ನನಗೆ ಗೊತ್ತಿರಲಿಲ್ಲ. ಇರಲಾರದು ಎಂದೆ.

ಇನ್ನೊಂದು ಫಲಕದಲ್ಲಿ ಕಾಡುಪಾಪದ ಚಿತ್ರವಿತ್ತು. ಈ ಎತ್ತರದಲ್ಲಿ ಬದುಕುವ, ದಪ್ಪ ತುಪ್ಪಳದ ಈ ಬಗೆ ನಶಿಸಿಯೇ ಹೋಯಿತು ಎಂದು ಭಾವಿಸಿದ್ದರು. 2010ರಲ್ಲಿ ಅದರ ಛಾಯಾಚಿತ್ರಗಳು ಹೊರಬಂದಾಗಲೇ ಇದೆ ಎಂದು ಖಚಿತವಾದದ್ದು. ಆದರೆ ಅದು ರಾತ್ರಿಯ ಪ್ರಾಣಿ, ನಾವೋ ಅಲಾರಂ ಇಡಲು ಬಾರದವರು.

ನಮಗೆ ಸಿಕ್ಕಿದ್ದು ಬೇರೆ. ಕಾಡಿನೊಳಗೆ ಕಾಲುದಾರಿ ಏರುವಲ್ಲಿ ಅಮ್ಮ ಸುಧಾರಿಸಿಕೊಳ್ಳಲು ಒಂದು ಕಾಂಡಕ್ಕೆ ಕೈ ಊರಲು ಹೋದವಳು ತಟ್ಟನೆ ಕೈ ಹಿಂದೆಗೆದಳು. ಪಾಚಿಯ ಮೇಲೆ ಒಂದು ಒಣಕಡ್ಡಿ. ಕಡ್ಡಿಗೆ ಕಣ್ಣಿತ್ತು. ಗೇಣುದ್ದದ ಓತಿ, ಪಾಚಿಯದೇ ಬಣ್ಣ, ಮೂಗಿನ ತುದಿಯಲ್ಲಿ ನೆಟ್ಟಗೆ ಮುಂದಕ್ಕೆ ಚಾಚಿದ ಬಿಳಿಯ ಕೊಂಬು. ಶ್ರೀಲಂಕಾದ ಈ ಬೆಟ್ಟಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ. ಕೊಂಬಿನ ತುದಿಯಲ್ಲಿ ಮಂಜಿನ ಹನಿಯೊಂದು ಕೂಡುತ್ತಿತ್ತು. ನಾವು ಅರ್ಧ ಅಡಿ ದೂರದಲ್ಲಿದ್ದರೂ ಅದು ಓಡಲಿಲ್ಲ. ತಾನು ಕಾಣಿಸುತ್ತಿಲ್ಲ ಎಂಬುದರ ಮೇಲೆ ಅದಕ್ಕೆ ಅಷ್ಟು ನಂಬಿಕೆ. ಹನಿ ದಪ್ಪವಾಯಿತು, ಬಿತ್ತು. ಓತಿ ಒಂದು ಕಣ್ಣನ್ನು ಮಾತ್ರ ನಮ್ಮ ಕಡೆ ತಿರುಗಿಸಿತು. ಅಮ್ಮ ಪಿಸುದನಿಯಲ್ಲಿ, "ಮದುಮಗನ ಹಾಗೆ ಕುಳಿತಿದ್ದಾನೆ" ಎಂದಳು. ಹಿಂದಿನಿಂದ ಬಂದ ತಂಡವೊಂದು ನಮ್ಮನ್ನು ಸರಿಸಿಕೊಂಡು ಧಡಧಡ ಮುಂದೆ ಹೋಯಿತು. ಅವರಿಗೂ ತಡವಾಗಿತ್ತು.

ವರ್ಲ್ಡ್ಸ್ ಎಂಡ್ ತಲುಪಿದಾಗ ಹತ್ತೂವರೆ. ಅಲ್ಲಿ ನೆಲ ಒಮ್ಮೆಲೇ ಮುಗಿದು ಸುಮಾರು 870 ಮೀಟರ್ ಕೆಳಕ್ಕೆ ಬೀಳುತ್ತದೆ. ತಿಳಿಯಾದ ದಿನ ದಕ್ಷಿಣದ ಕಡಲೂ ಕಾಣುತ್ತದೆಯಂತೆ. ನಮಗೆ ಕಂಡದ್ದು ಸುಣ್ಣ ಬಳಿದ ಗೋಡೆ. ಬಂಡೆ, ಆಮೇಲೆ ಬಿಳಿ. ನಮ್ಮನ್ನು ದಾಟಿ ಹೋದ ತಂಡದವರು ಮೊಬೈಲ್ ಹಿಡಿದು ಗೋಡೆ ಬಿರಿಯಲಿ ಎಂದು ಕಾಯುತ್ತಿದ್ದರು. ನಾನೂ ಕಾದೆ. ಅಲಾರಂ ಇಟ್ಟ ಬೆರಳನ್ನೇ ನೋಡಿಕೊಂಡೆ. ಅಮ್ಮ ಒಂದು ಕಲ್ಲಿನ ಮೇಲೆ ಕುಳಿತು ಪತ್ರಿಕೆಯ ಹಾಳೆ ಬಿಡಿಸಿದಳು. ಎಲ್ಲೋ ಬಹಳ ಕೆಳಗಿನಿಂದ ನಾಯಿ ಬೊಗಳಿದ್ದು ಕೇಳಿತು, ಆಮೇಲೆ ವಾಹನದ ಹಾರ್ನ್. "ಅಂತ್ಯವಂತೆ! ಕೆಳಗೆ ಊರಿದೆ" ಎಂದು ಚಕ್ಕುಲಿ ಮುರಿದಳು. ಮುರಿದ ಸದ್ದು ಬರಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಮುಕ್ಕಾಲು ಗಂಟೆ ಕಳೆದರೂ ಗೋಡೆ ಬಿರಿಯಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಬೇಕರ್ ಜಲಪಾತ. ಮೆಟ್ಟಿಲು ಜಾರುತ್ತಿತ್ತು, ಅಮ್ಮ ಮೇಲೆಯೇ ನಿಂತಳು. ನಾನು ಇಳಿದು ನೋಡಿ ಬಂದೆ. ಜಲಪಾತ ಚೆನ್ನಾಗಿದೆ, ಹೆಸರು ನನಗೆ ಸೇರಲಿಲ್ಲ. ಸ್ಯಾಮ್ಯುಯೆಲ್ ಬೇಕರ್ 19ನೇ ಶತಮಾನದಲ್ಲಿ ನಾಯಿಗಳನ್ನು ಬಿಟ್ಟು ಇಲ್ಲಿ ಕಡವೆ ಬೇಟೆಯಾಡಿದವನು. ಈ ಬಯಲಿನಲ್ಲಿ ಆನೆಗಳೂ ಇದ್ದವು, ಬೇಟೆಗಾರರು ಅವನ್ನು ಪೂರ್ತಿ ಮುಗಿಸಿದರು. ಅವುಗಳ ಹೆಸರಿನಲ್ಲಿ ಒಂದು ತೊರೆಯೂ ಇಲ್ಲ.

ಕಡವೆಗಳು ಮಾತ್ರ ಉಳಿದಿವೆ. ಎಷ್ಟರ ಮಟ್ಟಿಗೆ ಎಂದರೆ ವಾಹನ ನಿಲ್ಲಿಸುವ ಜಾಗದಲ್ಲಿ ಕವಲುಗೊಂಬಿನ ದೊಡ್ಡ ಗಂಡೊಂದು ಜನರ ಕೈಚೀಲ ಮೂಸುತ್ತಾ ಅಡ್ಡಾಡುತ್ತಿತ್ತು. ತಿನ್ನಲು ಏನೂ ಕೊಡಬೇಡಿ ಎಂದು ಬರೆದಿದ್ದ ಫಲಕಕ್ಕೇ ಒರಗಿ ಒಬ್ಬರು ಬಾಳೆಹಣ್ಣು ಚಾಚುತ್ತಿದ್ದರು. ಅದು ಅವರನ್ನು ಬಿಟ್ಟು ಅಮ್ಮನ ಪೊಟ್ಟಣದ ಕಡೆ ಬಂತು. ನಾನು ಹಿಂದೆ ಸರಿದೆ. ಅಮ್ಮ ಸರಿಯಲಿಲ್ಲ. ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು, ತೋಟಕ್ಕೆ ನುಗ್ಗಿದ ದನಕ್ಕೆ ಹೇಳುವ ದನಿಯಲ್ಲಿ, "ಕಾಡಿಗೆ ಹೋಗು, ಹುಲ್ಲು ತಿನ್ನು" ಎಂದಳು. ಕಡವೆ ಕಿವಿ ಅಲ್ಲಾಡಿಸಿ ನಿಂತಿತು. ಆಮೇಲೆ ನಿಜವಾಗಿಯೂ ತಿರುಗಿ ಹೋಯಿತು. ಚಾಲಕ ಆ ದಿನ ಮೊದಲ ಸಲ ನಕ್ಕ.

ಊರಿಗೆ ಮರಳಿದ ಮೇಲೆ ಪಕ್ಕದ ಮನೆಯವರು ಜಗತ್ತಿನ ಅಂಚಿನಲ್ಲಿ ಏನು ನೋಡಿದಿರಿ ಎಂದು ಅಮ್ಮನನ್ನು ಕೇಳಿದರು. ಹಾಳೆಯನ್ನು ಅವಳು ಎಸೆದಿರಲಿಲ್ಲ, ಮಡಿಸಿ ಡಬ್ಬದ ತಳಕ್ಕೆ ಹಾಸಿದ್ದಳು. ತೆಗೆದು ಆ ಗುಂಡು ಗುಂಡು ಅಕ್ಷರಗಳನ್ನು ತೋರಿಸಿದಳು.

"ಮಂಜು. ನಮ್ಮಲ್ಲಿರುವುದೇ. ಮೂಗಿಗೆ ಕೊಂಬಿರುವ ಓತಿ ಮಾತ್ರ ಹೊಸತು. ಚಕ್ಕುಲಿ ಪೂರ್ತಿ ಮೆತ್ತಗಾಯಿತು."