ಬಿಸಿಲುಂಡ ಪ್ಲಾಸ್ಟಿಕ್, ಸೀಸ ಮತ್ತು ಖಾಲಿ ಕೊಳವೆ

12 ಮಾರ್ಚ್ 2024, ಮಂಗಳವಾರ

ಬಿಸಿಲಿಗೆ ಹಳತಾದ ಪ್ಲಾಸ್ಟಿಕ್ ಕಣ ನೀರಿನಲ್ಲಿರುವ ಲೋಹವನ್ನು ಎಷ್ಟು ಹಿಡಿಯುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಅಳೆಯುವುದು ಹೇಗೆ, ಎಲ್ಲಿ ಎಡವುತ್ತೇವೆ ಎನ್ನುವುದರ ಟಿಪ್ಪಣಿ ಇದು. ಹೊಸ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಪುಡಿ ನೀರಿಗೆ ಬಿದ್ದರೆ ತೇಲುತ್ತದೆ, ಒಂದಕ್ಕೊಂದು ಅಂಟಿಕೊಂಡು ಪಾತ್ರೆಯ ಅಂಚಿಗೆ ಬಳೆಯ ಹಾಗೆ ಕೂರುತ್ತದೆ. ಬಹುಕಾಲ ಯುವಿ (ಅತಿನೇರಳೆ) ದೀಪದಡಿ ಇದ್ದ ಪುಡಿಯ ಬಣ್ಣ ತುಸು ಹಳದಿ, ಮೈಯೆಲ್ಲ ಬಿರುಕು. ಅಲುಗಿಸಿದರೆ ನೀರಿನೊಳಗೆ ಸುಲಭವಾಗಿ ಬೆರೆಯುತ್ತದೆ. ಬೆಳಕು, ಆಮ್ಲಜನಕ ಸೇರಿ ಪಾಲಿಮರ್ ಸರಪಳಿಯನ್ನು ಅಲ್ಲಲ್ಲಿ ತುಂಡರಿಸಿ ಕಾರ್ಬೊನಿಲ್, ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಗುಂಪುಗಳನ್ನು ಹುಟ್ಟಿಸಿರುತ್ತವೆ. ಕಾರ್ಬಾಕ್ಸಿಲ್ ತನ್ನ ಪ್ರೋಟಾನ್ ಬಿಟ್ಟಾಗ ಅಲ್ಲಿ ಋಣ ಆವೇಶ ಉಳಿಯುತ್ತದೆ. ಸೀಸ, ತಾಮ್ರ, ಕ್ಯಾಡ್ಮಿಯಂ ಅಯಾನುಗಳು ಹಿಡಿದು ಕೂರುವುದು ಅಲ್ಲೇ.

ಬಿಸಿಲಿನ ಬದಲಿಗೆ ಬಳಸುವ ಈ ದೀಪದ ಆಯ್ಕೆಯಲ್ಲೇ ಮೊದಲ ಎಡವಟ್ಟು ಆಗುತ್ತದೆ. 254 ನ್ಯಾನೋಮೀಟರ್ ದೀಪ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಬಿಸಿಲಿನಲ್ಲಿ ಸುಮಾರು 290ಕ್ಕಿಂತ ಕೆಳಗಿನ ಬೆಳಕು ನೆಲಕ್ಕೆ ತಲುಪುವುದೇ ಇಲ್ಲ. 340ರಲ್ಲಿ ಗರಿಷ್ಠ ಇರುವ ಯುವಿಎ ದೀಪವೇ ಸರಿ. ಪುಡಿಯನ್ನು ತೆಳುವಾಗಿ ಹರಡಿ ದಿನಕ್ಕೊಮ್ಮೆ ಕೆದಕಬೇಕು, ಇಲ್ಲವಾದರೆ ಮೇಲಿನ ಪದರ ಮಾತ್ರ ಹಳತಾಗುತ್ತದೆ. ಎಷ್ಟು ಹಳತಾಯಿತು ಎನ್ನುವುದಕ್ಕೆ, ವಸ್ತು ಅವಕೆಂಪು ಬೆಳಕನ್ನು ಎಷ್ಟು ಹೀರುತ್ತದೆಂದು ತೋರಿಸುವ ಎಫ್‌ಟಿಐಆರ್‌ನಲ್ಲಿ (ಸೆಂಟಿಮೀಟರಿಗೆ ಅಲೆಗಳ ಲೆಕ್ಕದಲ್ಲಿ) 1715ರ ಸುತ್ತಲಿನ ಕಾರ್ಬೊನಿಲ್ ಶಿಖರವನ್ನು 1460ರ ಸುತ್ತಲಿನ ಶಿಖರದೊಂದಿಗೆ ಹೋಲಿಸಿ ನೋಡುವುದು.

ಪ್ರಯೋಗಕ್ಕೆ 0.1 ಗ್ರಾಂ ಪುಡಿ, 50 ಮಿಲಿಲೀಟರ್ ದ್ರಾವಣ, ಅದರಲ್ಲಿ 0.01 ಮೋಲಾರ್ ಸೋಡಿಯಂ ನೈಟ್ರೇಟ್, ಲೀಟರಿಗೆ 1 ಮಿಲಿಗ್ರಾಂ ಸೀಸ, ಪಿಎಚ್ (ಆಮ್ಲೀಯತೆಯ ಅಳತೆ) 5.5. ಪಿಎಚ್ ಹೊಂದಿಸಲು ನೀರು ಬೆರೆಸಿ ತೆಳುಗೊಳಿಸಿದ ನೈಟ್ರಿಕ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್ ಸಾಕು. ಪಿಎಚ್ ಬದಲಾಗದಂತೆ ಹಾಕುವ ಫಾಸ್ಫೇಟ್ ಬಫರ್ ಬೇಡವೇ ಬೇಡ. ಸೀಸ ಅದರೊಂದಿಗೆ ಸೇರಿ ತಳಕ್ಕಿಳಿಯುತ್ತದೆ. 24 ಗಂಟೆ ಅಲುಗಾಡಿಸಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಸೋಸಿದ ನೀರನ್ನು ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಿ ಅಳೆಯುವುದು. ಪುಡಿ ತೇಲುತ್ತದೆಂದು ಸೋಪಿನಂಥದ್ದನ್ನು ಸೇರಿಸುವ ರೂಢಿಯಿದೆ. ದಯವಿಟ್ಟು ಬೇಡ. ಅದರ ಅಣುಗಳೇ ಪ್ಲಾಸ್ಟಿಕ್ಕಿನ ಮೈಗಂಟಿ ಫಲಿತಾಂಶ ಕೆಡಿಸುತ್ತವೆ.

ಹೆಚ್ಚಿನ ತಪ್ಪು ನಡೆಯುವುದು ದ್ರಾವಣ ಹಾಕಿದ ಕೊಳವೆಯ ಗೋಡೆಯಲ್ಲಿ. ಸೀಸ ಗಾಜಿಗೂ ಅಂಟುತ್ತದೆ, ಫಿಲ್ಟರಿಗೂ ಅಂಟುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ: ಲೀಟರಿಗೆ 1.00 ಮಿಲಿಗ್ರಾಂ ಇದ್ದ ಸೀಸ 0.80ಕ್ಕೆ ಇಳಿಯಿತು ಎಂದುಕೊಳ್ಳಿ. ಇಳಿದ 0.20ನ್ನು 0.05 ಲೀಟರಿನಿಂದ ಗುಣಿಸಿ 0.1 ಗ್ರಾಮಿನಿಂದ ಭಾಗಿಸಿದರೆ ಗ್ರಾಮಿಗೆ 100 ಮೈಕ್ರೋಗ್ರಾಂ. ಸೀಸದ ದ್ರಾವಣ ಮಾತ್ರ ಇದ್ದು ಪ್ಲಾಸ್ಟಿಕ್ ಇಲ್ಲದ ‘ಖಾಲಿ’ ಕೊಳವೆಯಲ್ಲೂ ಸೀಸ 0.92ಕ್ಕೆ ಇಳಿದಿದ್ದರೆ ಪ್ಲಾಸ್ಟಿಕ್ ಹಿಡಿದದ್ದು 60 ಮಾತ್ರ. ಉಳಿದ 40 ಗೋಡೆ ಮತ್ತು ಫಿಲ್ಟರಿನ ಪಾಲು. ಹಾಗಾಗಿ ಖಾಲಿ ಕೊಳವೆಯನ್ನೂ ಅದೇ 24 ಗಂಟೆ ಅಲುಗಿಸಿ, ಅದೇ ಫಿಲ್ಟರಿನಲ್ಲಿ ಸೋಸಬೇಕು. ಸೀಸ ಸೇರಿಸದ ನೀರಿನಲ್ಲಿ ಪ್ಲಾಸ್ಟಿಕ್ ಮಾತ್ರ ಇರುವ ಕೊಳವೆಯೂ ಒಂದು ಬೇಕು. ಹಳೆಯ ಪಿವಿಸಿಯಲ್ಲಿ ಸೀಸದ ಸ್ಥಿರಕಾರಿ (ಪ್ಲಾಸ್ಟಿಕ್ ಕೆಡದಂತೆ ಬೆರೆಸುವ ಪದಾರ್ಥ), ಬಣ್ಣದ ತುಂಡುಗಳಲ್ಲಿ ಕ್ಯಾಡ್ಮಿಯಂ ವರ್ಣಕ ಇರಬಹುದು; ಅಂಥ ಕಣ ಲೋಹ ಹಿಡಿಯುವ ಬದಲು ತಾನೇ ಬಿಡುತ್ತದೆ.

ಪಿಎಚ್ 3ರ ಹತ್ತಿರ ಪ್ರೋಟಾನುಗಳೇ ಜಾಗ ಹಿಡಿದಿರುವುದರಿಂದ ಸೀಸಕ್ಕೆ ಎಡೆ ಕಡಿಮೆ. 7 ದಾಟಿಸಿದರೆ ಸೀಸ ಹೈಡ್ರಾಕ್ಸೈಡ್, ಕಾರ್ಬೊನೇಟ್ ಆಗಿ ತಳಕ್ಕಿಳಿದು, ಪ್ಲಾಸ್ಟಿಕ್ಕೇ ಎಲ್ಲವನ್ನೂ ಹಿಡಿದಂತೆ ಕಾಣಿಸುತ್ತದೆ. ಷಡ್ವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ +6 ರೂಪ) ಮಾತ್ರ ನೀರಿನಲ್ಲಿ ಋಣ ಅಯಾನು. ಆಮ್ಲೀಯ ನೀರಿನಲ್ಲೇ ಅದು ಹೆಚ್ಚು ಅಂಟುತ್ತದೆ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೈಪೋಟಿಗಿಳಿಯುತ್ತವೆ, ಕ್ಯಾಡ್ಮಿಯಂ ಅಲ್ಲಿನ ಕ್ಲೋರೈಡ್ ಜೊತೆ ಬಂಧ ಕಟ್ಟಿಕೊಂಡು ನೀರಿನಲ್ಲೇ ಉಳಿದುಬಿಡುತ್ತದೆ.

ಹೊಳೆಯಿಂದ ತೆಗೆದ ಪ್ಲಾಸ್ಟಿಕ್ ಕಣಗಳ ವಿಚಾರ ಬೇರೆ. ಅವುಗಳ ಮೇಲೆ ಜೀವಿಪೊರೆ (ಸೂಕ್ಷ್ಮಜೀವಿಗಳ ಲೋಳೆ ಪದರ), ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡಿನ ಲೇಪ ಕೂತಿರುತ್ತದೆ, ಲೋಹದ ದೊಡ್ಡ ಪಾಲು ಅದರಲ್ಲೇ ಇರಬಹುದು. ಕಣ ಎಣಿಸುವವರು ಜೀವಿಪೊರೆ ಕರಗಿಸಲು ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಫೆರಸ್ ಸಲ್ಫೇಟ್ ಹಾಕುತ್ತಾರೆ. ಎಣಿಕೆಗೆ ಅದು ಒಳ್ಳೆಯ ವಿಧಾನವೇ. ಆದರೆ ಅದರ ಆಮ್ಲೀಯತೆ ಹಿಡಿದಿದ್ದ ಲೋಹವನ್ನು ಬಿಡಿಸುತ್ತದೆ, ಜೊತೆಗೆ ಹೊಸ ಕಬ್ಬಿಣವೂ ಸೇರುತ್ತದೆ. ಲೋಹ ಅಳೆಯಬೇಕಾದ ಕಣಗಳನ್ನು ಪೆರಾಕ್ಸೈಡ್ ತಾಗುವ ಮೊದಲೇ ಪ್ಲಾಸ್ಟಿಕ್ ಚಿಮಟಿಗೆಯಿಂದ ಎತ್ತಿ, ಅತಿಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಶೇ. 10ರ ನೈಟ್ರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ ತೊಳೆದಿಟ್ಟ ಸೀಸೆಗೆ ಹಾಕಿಡಬೇಕು.