ಯಾವ ಫೋನ್ ತಗೊಳ್ಳಲಿ ಅಂತ ನನ್ನನ್ನು ಕೇಳುವವರಿಗೆ

"ನೀನು ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲ, ಯಾವ ಫೋನ್ ತಗೊಳ್ಳಲಿ ಹೇಳು."

ಇದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಮೊದಲು ಉತ್ತರ. ಈಗಿರುವ ಫೋನನ್ನೇ ಇಟ್ಟುಕೊಳ್ಳಿ. ಚಾರ್ಜ್ ನಿಲ್ಲುತ್ತಿಲ್ಲ ಅಂದರೆ ಬ್ಯಾಟರಿ ಹಾಕಿಸಿ. ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತಿದ್ದರೆ, ಅಥವಾ ರಿಪೇರಿಗೇ ಬಗ್ಗದಷ್ಟು ಕೆಟ್ಟಿದ್ದರೆ ಮಾತ್ರ ಹೊಸದು ತಗೊಳ್ಳಿ. ಆಗ ಅದಕ್ಕೆ ಇನ್ನೆಷ್ಟು ವರ್ಷ ಅಪ್‌ಡೇಟ್ ಇದೆ ಅಂತ ಮೊದಲು ನೋಡಿ, ಬಣ್ಣ ಆಮೇಲೆ ನೋಡಿ. ಮುಗಿಯಿತು. ಅವಸರ ಇರುವವರು ಇಲ್ಲಿಗೇ ಎದ್ದು ಹೋಗಬಹುದು.

ಹೋಗಲ್ಲ, ಗೊತ್ತು. ಮನಸ್ಸಿನಲ್ಲಿ ಆಗಲೇ ಒಂದು ಫೋನ್ ಗಟ್ಟಿಯಾಗಿರುತ್ತದೆ. ಅದರ ಹೆಸರು ನನ್ನ ಬಾಯಿಂದ ಬರಬೇಕು, ಅಷ್ಟೇ. ಬೇರೆ ಹೆಸರು ಹೇಳಿದರೆ "ಹೌದಾ... ಆದ್ರೆ ಅದರ ಕ್ಯಾಮೆರಾ ಅಷ್ಟೊಂದು ಚೆನ್ನಾಗಿಲ್ವಂತೆ" ಅಂತ ರಾಗ ಎಳೆಯುತ್ತಾರೆ. ಅವರು ಅಂದುಕೊಂಡದ್ದನ್ನೇ ಹೇಳಿದೆನೋ, ಮುಂದೆ ಅದರಲ್ಲಿ ಏನೇ ಕೆಟ್ಟರೂ ಜವಾಬ್ದಾರಿ ನನ್ನದು. "ನೀನೇ ಹೇಳಿದ್ದಲ್ವಾ?"

ಕೇಳುವ ಧಾಟಿ ಬೇರೆ. "ಸುಮ್ನೆ ಒಂದು ಒಳ್ಳೇ ಫೋನ್ ಹೇಳು. ಜಾಸ್ತಿ ಏನೂ ಬೇಡ. ಹ್ಯಾಂಗ್ ಆಗಬಾರದು, ಕ್ಯಾಮೆರಾ ಚೆನ್ನಾಗಿರಬೇಕು, ಬ್ಯಾಟರಿ ಎರಡು ದಿನ ಬರಬೇಕು, ಬಿಸಿ ಆಗಬಾರದು, ತೆಳ್ಳಗಿರಬೇಕು." ಜಾಸ್ತಿ ಏನೂ ಬೇಡ ಅನ್ನುವವರ ಪಟ್ಟಿ ಇದು. ಬ್ಯಾಟರಿ ಎರಡು ದಿನ ಬರಬೇಕಾದರೆ ದೊಡ್ಡದಿರಬೇಕು, ದೊಡ್ಡದಿದ್ದರೆ ಫೋನ್ ದಪ್ಪ ಆಗುತ್ತದೆ ಅಂದರೆ "ನಿನ್ನ ಹತ್ರ ಕೇಳಿದ್ದೇ ತಪ್ಪಾಯ್ತು" ಅನ್ನುತ್ತಾರೆ. ನಾನೂ ಅದನ್ನೇ ಹೇಳುತ್ತಿರುವುದು.

ಅಷ್ಟಕ್ಕೂ ನನ್ನ ಕೆಲಸ ಏನು ಅಂತ ಯಾರಾದರೂ ವಿಚಾರಿಸಿದ್ದಾರಾ? ನಾನು ಒಂದು ಆಪ್‌ನ ನೋಟಿಫಿಕೇಶನ್ ಕೋಡ್ ನೋಡಿಕೊಳ್ಳುತ್ತೇನೆ. ದಿನವಿಡೀ ಸರ್ವರ್ ಲಾಗ್ ನೋಡುತ್ತೇನೆ, ಮೀಟಿಂಗಿನಲ್ಲಿ ಕೂರುತ್ತೇನೆ. ನನಗೆ ಫೋನ್ ಕೊಳ್ಳುವುದು ಚೆನ್ನಾಗಿ ಗೊತ್ತಿರಬೇಕು ಅನ್ನುವುದು, ಗೋಡೆ ಕಟ್ಟುವ ಗಾರೆಯವನ ಹತ್ತಿರ ಯಾವ ಸೋಫಾ ತರಲಿ ಅಂತ ಕೇಳಿದ ಹಾಗೆ.

ಏನೂ ಗೊತ್ತಿಲ್ಲ ಅಂತಲ್ಲ. ಅಷ್ಟೋ ಇಷ್ಟೋ ಗೊತ್ತು. ಮೆಗಾಪಿಕ್ಸೆಲ್ ವಿಷಯ ತಗೊಳ್ಳಿ. ಡಬ್ಬದ ಮೇಲೆ 50 ಅಂತ ಇರುವ ಬಹುಪಾಲು ಫೋನ್‌ಗಳು ಮಾಮೂಲಿ ಫೋಟೋ ತೆಗೆಯುವಾಗ ಕೊಡುವುದು 12.5 ಮೆಗಾಪಿಕ್ಸೆಲ್. ಬೆಳಕು ಸಾಲಲಿ ಅಂತ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ (ಅಂದರೆ ಫೋಟೋದ ಚುಕ್ಕೆ) ಸೇರಿಸಿ ಒಂದು ಮಾಡುತ್ತವೆ. 200 ಮೆಗಾಪಿಕ್ಸೆಲ್ಲಿನದು ಹದಿನಾರನ್ನು ಸೇರಿಸಿ ಒಂದು ಮಾಡುತ್ತದೆ. ಭಾಗಿಸಿ ನೋಡಿ, ತಿರುಗಿ 12.5ಕ್ಕೇ ಬಂದು ನಿಲ್ಲುತ್ತದೆ. ಆಮೇಲೆ ನೀವು ಆ ಫೋಟೋವನ್ನು ಮೆಸೇಜ್ ಆಪ್‌ನಲ್ಲಿ ಕಳಿಸುತ್ತೀರಿ, ಅದು ಇನ್ನಷ್ಟು ಹಿಂಡಿ ಚಿಕ್ಕದು ಮಾಡುತ್ತದೆ.

ಅಪ್‌ಡೇಟ್ ಮಾತ್ರ ನಿಜವಾಗಿ ನೋಡಬೇಕಾದ ವಿಷಯ. ಆಂಡ್ರಾಯ್ಡ್ ಫೋನ್‌ಗಳಿಗೆ ಎರಡು ಮೂರು ವರ್ಷ ಅಪ್‌ಡೇಟ್ ಬಂದರೆ ದೊಡ್ಡದು ಅನ್ನುವ ಕಾಲ ಇತ್ತು. 2023ರ ಅಕ್ಟೋಬರ್‌ನಲ್ಲಿ ತನ್ನ ಪಿಕ್ಸೆಲ್ 8 ಫೋನಿಗೆ 7 ವರ್ಷ ಕೊಡುತ್ತೇವೆ ಅಂತ ಗೂಗಲ್ ಹೇಳಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ ಅದೇ ಮಾತು ಕೊಟ್ಟಿತು. ಯುರೋಪಿಯನ್ ಒಕ್ಕೂಟದಲ್ಲಂತೂ 2025ರ ಜೂನ್ 20ರಿಂದ ಇದು ನಿಯಮ: ಒಂದು ಮಾಡೆಲ್‌ನ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. 800 ಸಲ ಪೂರ್ತಿ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ಶೇಕಡ 80 ಶಕ್ತಿ ಉಳಿದಿರಬೇಕು. ಒಂದು ವಿಷಯ ಗಮನದಲ್ಲಿರಲಿ. ಕಂಪನಿಯವರು ಹೇಳುವ 7 ವರ್ಷ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ. ನೀವು ಕೊಂಡ ದಿನದಿಂದ ಅಲ್ಲ. ಹಳೇ ಮಾಡೆಲ್ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯುವ ಮುಂಚೆ ಅದು ಯಾವಾಗ ಬಂದದ್ದು ಅಂತ ನೋಡಿಕೊಳ್ಳಿ.

ಇನ್ನೊಂದು ಮಾತು ಗ್ಯಾರಂಟಿ ಬರುತ್ತದೆ. "ಹೊಸದು ಮಾರಬೇಕು ಅಂತ ಹಳೇ ಫೋನ್‌ಗಳನ್ನ ಅವರೇ ಸ್ಲೋ ಮಾಡ್ತಾರಂತೆ, ಹೌದಾ?" ಹೇಳುವವರ ಮುಖದಲ್ಲಿ ಗುಟ್ಟು ಬಯಲು ಮಾಡಿದ ಖುಷಿ. ಅರ್ಧ ನಿಜ. 2017ರ ಜನವರಿಯಲ್ಲಿ ಬಂದ ಐಫೋನ್ ಅಪ್‌ಡೇಟ್ ಐಒಎಸ್ 10.2.1, ಬ್ಯಾಟರಿ ಹಳತಾದ ಕೆಲವು ಐಫೋನ್‌ಗಳ ವೇಗ ತಗ್ಗಿಸುತ್ತಿತ್ತು. ಸವೆದ ಬ್ಯಾಟರಿಗೆ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲು ಆಗದೆ ಫೋನ್ ಪಟ್ಟನೆ ಆಫ್ ಆಗುತ್ತಿತ್ತು, ಅದನ್ನು ತಪ್ಪಿಸಲು ಹೀಗೆ ಮಾಡಿದ್ದು. ಹೊಸ ಬ್ಯಾಟರಿ ಹಾಕಿದರೆ ವೇಗ ವಾಪಸ್ ಬರುತ್ತಿತ್ತು. ಆದರೆ ಈ ಸಂಗತಿಯನ್ನು ಜನರಿಗೆ ಸರಿಯಾಗಿ ಹೇಳಿರಲಿಲ್ಲ. ಜನ ಅಳೆದು ತೋರಿಸಿದ ಮೇಲೆ ಡಿಸೆಂಬರ್‌ನಲ್ಲಿ ಆಪಲ್ ಒಪ್ಪಿಕೊಂಡಿತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು. ಬ್ಯಾಟರಿ ಎಷ್ಟು ಗಟ್ಟಿಯಿದೆ ಅಂತ ಈಗ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುತ್ತದಲ್ಲ, ಅದು ಬಂದದ್ದು ಈ ಗಲಾಟೆ ಆದಮೇಲೆ, 2018ರಲ್ಲಿ.

ನನ್ನ ಮಟ್ಟಿಗೆ ಇದರಲ್ಲಿ ಕೋಡ್ ಸರಿಯಾಗೇ ಇತ್ತು. ಆಫ್ ಆಗುವ ಫೋನಿಗಿಂತ ನಿಧಾನದ ಫೋನ್ ವಾಸಿ. ಕೆಟ್ಟದ್ದು ಹೇಳದೇ ಇದ್ದದ್ದು. ಎಷ್ಟೋ ಜನ ಬ್ಯಾಟರಿ ಬದಲಾಯಿಸಿದ್ದರೆ ಸಾಕಿತ್ತು, ಫೋನನ್ನೇ ಬದಲಾಯಿಸಿದರು.

ಹೇಳದೇ ಇರುವುದು ಅಂದಾಗ ನನಗೆ ನಮ್ಮ ಸೋದರಮಾವ ನೆನಪಾಗುತ್ತಾರೆ.

"ಇದು ಹಾಳಾಗಿದೆ ಕಣೋ. ಹೊಸದು ಯಾವುದು ತಗೊಳ್ಳಲಿ?" ಅಂತ ಫೋನ್ ನನ್ನ ಕೈಗಿಟ್ಟರು. ಏನಾಗಿದೆ ಮಾವ ಅಂದೆ. "ಮೆಸೇಜ್ ಮಾಡೋಕೆ ಹೋದ್ರೆ ವಿಡಿಯೋ ಬರುತ್ತೆ" ಅಂದರು. ವೈರಸ್ ಇರಬಹುದು ಅಂತ ಅವರ ಸ್ನೇಹಿತರೊಬ್ಬರು ಆಗಲೇ ತೀರ್ಪು ಕೊಟ್ಟಿದ್ದರಂತೆ. ಮಾಡಿ ತೋರಿಸಿ ಅಂದೆ.

ಆಪ್ ತೆರೆದರು. ಪರದೆ ಕಡೆ ನೋಡಲೂ ಇಲ್ಲ, ಮಾತಾಡುತ್ತಲೇ ಹೆಬ್ಬೆರಳನ್ನು ಬಲಗಡೆ ಕೆಳಮೂಲೆಗೆ ಒತ್ತಿದರು. ಯಾರೋ ಕಿರುಚಿಕೊಂಡು ಕುಣಿಯುವ ವಿಡಿಯೋ ಜೋರಾಗಿ ಶುರುವಾಯಿತು. ಮಾವ ಗಾಬರಿಯಾಗಿ ಸೌಂಡ್ ಕಮ್ಮಿ ಮಾಡಲು ಹೋಗಿ ಫೋನನ್ನೇ ಲಾಕ್ ಮಾಡಿದರು. "ನೋಡಿದ್ಯಾ?"

ನೋಡಿದೆ. ಹೊಸ ಮೆಸೇಜ್ ಬರೆಯುವ ಪೆನ್ಸಿಲ್ ಗುರುತು ಎಷ್ಟೋ ವರ್ಷದಿಂದ ಆ ಮೂಲೆಯಲ್ಲೇ ಇತ್ತು. ಹೋದ ವಾರದ ಅಪ್‌ಡೇಟ್‌ನಲ್ಲಿ ಅಲ್ಲಿಗೆ ವಿಡಿಯೋ ಬಟನ್ ಬಂದು ಕೂತಿತ್ತು, ತಲೆ ಮೇಲೆ ಒಂದು ಕೆಂಪು ಚುಕ್ಕೆ ಬೇರೆ. ಪೆನ್ಸಿಲ್ ಮೇಲಿನ ಮೂಲೆಗೆ ಹೋಗಿತ್ತು. ಸಣ್ಣದಾಗಿ, ಬೂದು ಬಣ್ಣದಲ್ಲಿ. ಕಣ್ಣು ಚೆನ್ನಾಗಿರುವ ನಾನೇ ಹುಡುಕಬೇಕಾಯಿತು. ಫೋನ್ ಮಾತ್ರ ಕಲ್ಲುಗುಂಡಿನ ಹಾಗಿತ್ತು. ಬ್ಯಾಟರಿ ಸರಿಯಿತ್ತು, ಸ್ಟೋರೇಜ್ ಅರ್ಧ ಖಾಲಿಯಿತ್ತು.

"ಹೌದೇನೋ. ನನಗೆ ವಯಸ್ಸಾಯ್ತು, ಇದೆಲ್ಲ ತಲೆಗೆ ಹತ್ತಲ್ಲ" ಅಂದರು ಮಾವ.

ಸಿಟ್ಟು ಬಂತು. ಮಾವನ ಮೇಲಲ್ಲ. ಅವರ ಬೆರಳಿಗೆ ದಾರಿ ಚೆನ್ನಾಗೇ ಗೊತ್ತಿತ್ತು. ದಾರಿ ತಿರುಗಿಸಿದವರು ಬೇರೆ ಯಾರೋ. ಬೈಸಿಕೊಂಡದ್ದು ಮಾತ್ರ ಮೊದಲು ಫೋನು, ಆಮೇಲೆ ಮಾವನ ವಯಸ್ಸು. ಕೊನೆಗೆ ಅವರು ನನ್ನ ಮಾತು ಕೇಳದೆ ಹೊಸ ಫೋನೇ ತಂದರು. ಅದರಲ್ಲೂ ಅದೇ ಆಪ್ ಹಾಕಿಕೊಂಡರು. ಅದರಲ್ಲೂ ಅದೇ ಮೂಲೆಯಲ್ಲಿ ಅದೇ ವಿಡಿಯೋ.

ಆ ಹೊತ್ತಿಗೆ ಮಾವ ಕೇಳಬೇಕಿದ್ದ ಪ್ರಶ್ನೆ ಇದು: "ಆ ಬಟನ್ ಅಲ್ಲಿಂದ ಎತ್ತಿದ್ದು ಯಾರೋ? ಯಾಕೆ?" ಯಾರೂ ಕೇಳಲ್ಲ. ಕೇಳಿದ್ದರೆ ನಾನು ರಾತ್ರಿಯಿಡೀ ಹೇಳುತ್ತಿದ್ದೆ. ಯಾಕೆಂದರೆ ಇದು ನಿಜಕ್ಕೂ ನನಗೆ ಗೊತ್ತಿರುವ ವಿಷಯ. ಆ ಆಪ್ ಮಾಡಿದವರ ಪರಿಚಯ ನನಗಿಲ್ಲ. ಆದರೆ ಅಂಥ ಮೀಟಿಂಗ್‌ಗಳಲ್ಲಿ ಕೂತು ಕೂತು ಕುರ್ಚಿ ಸವೆದಿದೆ.

ಸಾಮಾನ್ಯವಾಗಿ ಆಗುವುದು ಹೀಗೆ. ಈ ಮೂರು ತಿಂಗಳಲ್ಲಿ ವಿಡಿಯೋ ನೋಡುವವರು ಜಾಸ್ತಿ ಆಗಬೇಕು ಅಂತ ಒಂದು ಟೀಮಿಗೆ ಟಾರ್ಗೆಟ್ ಬರುತ್ತದೆ. ಬಲಗೈಯಲ್ಲಿ ಫೋನ್ ಹಿಡಿದವರ ಹೆಬ್ಬೆರಳು ಸಲೀಸಾಗಿ ಸಿಗುವ ಜಾಗ ಕೆಳಗಿನ ಬಲಮೂಲೆ. ಬಟನ್ ಅಲ್ಲಿಡೋಣ ಅನ್ನುತ್ತಾರೆ. ಒಮ್ಮೆಲೇ ಎಲ್ಲರಿಗೂ ಅಲ್ಲ, ಎ/ಬಿ ಟೆಸ್ಟ್ ಮಾಡುತ್ತಾರೆ. ಒಂದಷ್ಟು ಜನಕ್ಕೆ ಹಳೇ ಪರದೆ, ಒಂದಷ್ಟು ಜನಕ್ಕೆ ಹೊಸದು. ನಂಬರ್ ಏರುತ್ತದೆ. ಏರದೆ ಏನು ಮಾಡುತ್ತದೆ? ಮೆಸೇಜ್ ಬರೆಯಲು ಹೋದ ಮಾವಂದಿರೆಲ್ಲ ವಿಡಿಯೋ ತೆರೆದವರ ಲೆಕ್ಕಕ್ಕೆ ಸೇರಿರುತ್ತಾರೆ. ನಂಬರ್ ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ "ತೆರೆದವರು" ಅಂತ ಒಂದು ಗೆರೆ ಇರುತ್ತದೆ. "ತಪ್ಪಿ ತೆರೆದವರು" ಅಂತ ಇರಲ್ಲ.

ಮೀಟಿಂಗಿನಲ್ಲಿ ಯಾರೋ ಒಬ್ಬರು, ಹೆಚ್ಚಾಗಿ ಹೊಸದಾಗಿ ಸೇರಿದವರು, ಕೇಳುತ್ತಾರೆ: "ತೆರೆದ ಎರಡೇ ಸೆಕೆಂಡಿನಲ್ಲಿ ವಾಪಸ್ ಹೋದವರು ಎಷ್ಟು ಜನ?" ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. "ಗುಡ್ ಪಾಯಿಂಟ್, ಒಂದು ಟಿಕೆಟ್ ಹಾಕಿ" ಅನ್ನುತ್ತಾರೆ. ಟಿಕೆಟ್ ಅಂದರೆ ಮಾಡಬೇಕಾದ ಕೆಲಸದ ಪಟ್ಟಿಗೆ ಸೇರಿಸುವ ಒಂದು ಚೀಟಿ. ಅದು ಬೀಳುತ್ತದೆ. ಪ್ರಯಾರಿಟಿ ಕೆಳಗಿನದು. ಯಾರ ಹೆಸರಿಗೂ ಹಾಕಿರಲ್ಲ. ಸ್ವಲ್ಪ ದಿನ ಬಿಟ್ಟು ಅದರ ಕೆಳಗೆ "ಇದು ಇನ್ನೂ ಬೇಕಾ?" ಅಂತ ಒಂದು ಕಾಮೆಂಟ್ ಬರುತ್ತದೆ. ಯಾರೂ ಉತ್ತರ ಕೊಡಲ್ಲ. ಮುಂದೊಂದು ದಿನ ಹಳೇ ಟಿಕೆಟ್‌ಗಳನ್ನೆಲ್ಲ ಗುಡಿಸಿ ಹಾಕುವಾಗ ಅದೂ ಹೋಗುತ್ತದೆ.

"ಅಷ್ಟು ಜನ ಇಂಜಿನಿಯರ್‌ಗಳಿದ್ದೂ ಒಂದು ಬಟನ್ ವಾಪಸ್ ಇಡೋಕಾಗಲ್ವಾ?" ಆಗುತ್ತದೆ. ಇಂಥ ಬದಲಾವಣೆಗೆ ಮಾಮೂಲಿಯಾಗಿ ಫೀಚರ್ ಫ್ಲ್ಯಾಗ್ ಅನ್ನುವ ಆನ್-ಆಫ್ ಸ್ವಿಚ್ ಇಟ್ಟಿರುತ್ತಾರೆ. ಅದನ್ನು ಆಫ್ ಮಾಡಿದರೆ ಮುಗಿಯಿತು, ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಆಫ್ ಮಾಡಿದ ಕೂಡಲೇ ಆ ಗೆರೆ ಕೆಳಗೆ ಬೀಳುತ್ತದೆ. ಬಿದ್ದದ್ದು ಯಾರ ಹೆಸರಿಗೆ? ಏರಿಸಿದವರಿಗೆ ಅಪ್ರೈಸಲ್ ಆಗಿಹೋಗಿರುತ್ತದೆ. ಇಳಿಸುವವರಿಗೆ ಏನು ಸಿಗುತ್ತದೆ? ಇದನ್ನು ಕೆಟ್ಟತನ ಅಂತ ನಾನು ಕರೆಯಲ್ಲ. ಆ ರೂಮಿನಲ್ಲಿ ಕೂತವರೆಲ್ಲ ಒಳ್ಳೆಯವರೇ, ಅವರಿಗೂ ಮಾವಂದಿರಿದ್ದಾರೆ. ಆದರೆ ಆ ರೂಮಿನಲ್ಲಿ ಮಾವನ ಪರವಾಗಿ ನಂಬರ್ ಇಟ್ಟುಕೊಂಡು ಬಂದವರು ಯಾರೂ ಇಲ್ಲ.

ನೋಟಿಫಿಕೇಶನ್ ಆಫ್ ಮಾಡಬೇಕಾದರೆ ಒಂದೇ ಆಪ್‌ನಲ್ಲಿ ಮೂರು ಕಡೆ ಹುಡುಕಬೇಕಲ್ಲ, ಅದೂ ಇಂಥದ್ದೇ ಕತೆ. ಮೂರು ಕಡೆ ಇದೆ ಅಂದರೆ ಒಳಗೆ ಮೂರು ಟೀಮ್ ಇದೆ ಅಂತ ಅರ್ಥ ಮಾಡಿಕೊಳ್ಳಿ. 1968ರಲ್ಲೇ ಮೆಲ್ವಿನ್ ಕಾನ್ವೇ ಅನ್ನುವ ಕಂಪ್ಯೂಟರ್ ವಿಜ್ಞಾನಿಯೊಬ್ಬರು ಬರೆದಿಟ್ಟಿದ್ದಾರೆ: ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೋ, ಆ ಸಂಸ್ಥೆ ಕಟ್ಟುವ ವ್ಯವಸ್ಥೆಯೂ ಅದರ ನಕಲೇ ಆಗಿರುತ್ತದೆ ಅಂತ. ನಾನು ಮೊದಲು ಇದ್ದ ಕಡೆ ಎರಡು ಟೀಮ್‌ಗಳ ಲೀಡ್‌ಗಳಿಗೆ ಮಾತು ನಿಂತಿತ್ತು. ಆಪ್‌ನಲ್ಲಿ ಎರಡು ಸರ್ಚ್ ಬಾಕ್ಸ್ ಇದ್ದವು. ಬಳಸುವವರು ಅದನ್ನು ಡಿಸೈನ್ ಅಂದುಕೊಂಡಿದ್ದರು.

ಇನ್ನು ನಿಧಾನ ಆಗುವ ವಿಷಯ. ಕೋಡ್ ಬರೆಯುವವರ ಕೈಯಲ್ಲಿ ಹೆಚ್ಚಾಗಿ ಹೊಸ ಫೋನ್, ಆಫೀಸಿನ ವೈಫೈ. ಅಲ್ಲಿ ಎಲ್ಲವೂ ಓಡುತ್ತದೆ. ಕಮ್ಮಿ ಬೆಲೆಯ ಫೋನ್‌ಗಳಲ್ಲಿ ಎಷ್ಟೋ ಸಲ ಇಎಂಎಂಸಿ ಅನ್ನುವ ಹಳೇ ಬಗೆಯ ಸ್ಟೋರೇಜ್ ಇರುತ್ತದೆ. ದುಬಾರಿ ಫೋನ್‌ಗಳ ಯುಎಫ್‌ಎಸ್‌ಗೆ ಹೋಲಿಸಿದರೆ ಅದು ಓದುವುದೂ ನಿಧಾನ, ಬರೆಯುವುದೂ ನಿಧಾನ. ಆಪ್ ದಪ್ಪ ಆದಷ್ಟೂ ಮೊದಲು ನರಳುವುದು ಅದು. ನಮ್ಮ ಟೀಮಿನಲ್ಲೂ ಟೆಸ್ಟ್ ಮಾಡಲು ಅಂತ ಒಂದು ಹಳೇ ಫೋನ್ ಇದೆ. ಡ್ರಾಯರ್‌ನಲ್ಲಿರುತ್ತದೆ. ಬೆನ್ನಿಗೆ "ತೆಗೆದುಕೊಂಡು ಹೋಗಬೇಡಿ" ಅಂತ ಚೀಟಿ ಅಂಟಿಸಿದ್ದಾರೆ. ಯಾರೂ ತೆಗೆದುಕೊಂಡು ಹೋಗಲ್ಲ. ಯಾವಾಗ ನೋಡಿದರೂ ಚಾರ್ಜ್ ಇರಲ್ಲ.

ಹಾಗಾಗಿ ಫೋನ್ ಸ್ಲೋ ಆಯಿತು ಅಂತ ಬರುವವರಲ್ಲಿ ಬಹಳ ಜನ ನಿಜವಾಗಿ ದೂರುತ್ತಿರುವುದು ಆಪ್‌ಗಳನ್ನು. ಅದಕ್ಕೆ ಫೋನ್ ಅಂಗಡಿಯಲ್ಲಿ ಮದ್ದಿಲ್ಲ.

ಏನು ಮಾಡಬೇಕು ಅಂತೀರಾ? ಆಪ್‌ನ ರಿವ್ಯೂ ಬರೆಯುವ ಜಾಗದಲ್ಲಿ "ವರ್ಸ್ಟ್ ಆಪ್" ಅಂತ ಒಂದು ಸ್ಟಾರ್ ಕೊಟ್ಟು ಎದ್ದು ಬರಬೇಡಿ. ಅದರಿಂದ ನಮಗೆ ಏನೂ ತಿಳಿಯಲ್ಲ. ಏನು ಮಾಡಲು ಹೋದಿರಿ, ಏನಾಯಿತು, ಅಷ್ಟು ಬರೆಯಿರಿ. "ಮೆಸೇಜ್ ಬರೆಯಲು ಹೋದರೆ ವಿಡಿಯೋ ಬರುತ್ತದೆ." ಮಾವ ಹೇಳಿದ್ದು ಅಷ್ಟೇ. ಟೆಸ್ಟಿಂಗ್ ಟೀಮಿನವರೂ ಅಷ್ಟು ನೆಟ್ಟಗೆ ಬಗ್ ಬರೆಯಲ್ಲ. ಅಂಥ ರಿವ್ಯೂ ಹತ್ತಿಪ್ಪತ್ತು ಸೇರಿದರೆ ನಮ್ಮಂಥವರು ಅದನ್ನು ಸ್ಕ್ರೀನ್‌ಶಾಟ್ ತೆಗೆದು ಮೀಟಿಂಗಿಗೆ ಒಯ್ಯಬಹುದು, ಆ ಅನಾಥ ಟಿಕೆಟ್‌ಗೆ ಅಂಟಿಸಬಹುದು. ಕನ್ನಡದಲ್ಲೇ ಬರೆಯಿರಿ, ಓದಿ ಹೇಳುವವರು ಇದ್ದೇ ಇರುತ್ತಾರೆ.

ಇಷ್ಟೆಲ್ಲ ಓದಿದ ಮೇಲೂ "ಅದಿರಲಿ, ಕೊನೆಗೆ ಯಾವುದು ತಗೊಳ್ಳಲಿ?" ಅಂತ ಕೇಳುವವರು ಮೂರನೇ ಪ್ಯಾರಾಗೆ ವಾಪಸ್ ಹೋಗಿ.